ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ: ಮೊದಲು ಇಳಿಯುವ ತಾರೀಖು ನೋಡಿ

ಬೇ ಏರಿಯಾಗೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿಗೆ, ಹೊಸದಾಗಿ ಬಂದವರು ಊರಿಗೆ ಟಿಕೆಟ್ ಹುಡುಕುವಾಗ ಮೊದಲು ನೋಡುವುದು ರೇಟು. ಅದಕ್ಕಿಂತ ಮೊದಲು ಬೆಂಗಳೂರಲ್ಲಿ ಯಾವತ್ತು ಇಳಿಯುತ್ತೀರಿ ಅಂತ ನೋಡಿ.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಇಲ್ಲಿಂದ ಹೊರಟಿತು. ಪೈಲಟ್‌ಗಳೆಲ್ಲ ಮಹಿಳೆಯರೇ. ದೇವನಹಳ್ಳಿಯಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ ಅಷ್ಟೇ. ಆದರೆ ಊರಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಮುಂದಿದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ. ಹಾಗಾಗಿ ಭಾನುವಾರ ತಂಗಿ ಮದುವೆ ಇದ್ದರೆ ಶುಕ್ರವಾರ ರಾತ್ರಿ ಹೊರಡಬೇಡಿ. ನಡುವೆ ಒಂದು ಕಡೆ ವಿಮಾನ ಬದಲಿಸಿ ಹೋಗುವಷ್ಟರಲ್ಲಿ ಮುಹೂರ್ತವೇ ಮುಗಿದಿರುತ್ತದೆ.

ಅಲ್ಲಿಂದ ಬರುವವರಿಗೆ ಇದು ಉಲ್ಟಾ. ಮಧ್ಯಾಹ್ನ 2ಕ್ಕೆ ಹೊರಟ ನೇರ ವಿಮಾನ ಅದೇ ತಾರೀಖಿನ ಸಂಜೆ ಇಲ್ಲಿರುತ್ತದೆ. ಇನ್ನೊಂದು ಮಾತು: ಮಂಗಳವಾರ ಬೆಳಗಿನ ಜಾವ 3ರ ಫ್ಲೈಟ್ ಅಂದರೆ ಅಪ್ಪ ಅಮ್ಮ ಸೋಮವಾರ ರಾತ್ರಿಯೇ ಮನೆ ಬಿಡಬೇಕು. ಫೋನ್ ಮಾಡಿ ಎರಡು ಸಲ ಹೇಳಿ.

ದೂರ ಸುಮಾರು 14,000 ಕಿ.ಮೀ. ಗೋಡೆಯ ಭೂಪಟ ನೋಡಿದರೆ ಪೆಸಿಫಿಕ್ ಸಾಗರ ದಾಟಬೇಕು ಅನಿಸುತ್ತದೆ. ಭೂಮಿ ಗುಂಡಗಿದೆಯಲ್ವಾ, ಹತ್ತಿರದ ದಾರಿ ಬೆಂಗಳೂರಿಂದ ಉತ್ತರಕ್ಕೆ ಏರಿ ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ವೃತ್ತದ ಒಳಗೆ ಹಾದು, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಜೋರು ಗಾಳಿ ಇಲ್ಲಿಗೆ ಬರುವಾಗ ಹಿಂದಿನಿಂದ ತಳ್ಳುತ್ತದೆ. ಆದ್ದರಿಂದ ಬರುವುದಕ್ಕೆ ಹೆಚ್ಚುಕಡಿಮೆ 16 ಗಂಟೆ, ಹೋಗುವುದಕ್ಕೆ ಇನ್ನೊಂದು ಗಂಟೆ ಜಾಸ್ತಿ.

ನೇರ ವಿಮಾನ ಯಾವಾಗಲೂ ಸಿಗುವುದಿಲ್ಲ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಒಟ್ಟು ಸುಮಾರು 16,500 ಕಿ.ಮೀ. ಹಾರಾಟದಲ್ಲಿ ಜಾಸ್ತಿಯಾಗುವುದು ಸುಮಾರು ಮೂರು ಗಂಟೆ ಮಾತ್ರ. ಪ್ರಯಾಣವನ್ನು 30 ಗಂಟೆಗೆ ಎಳೆಯುವುದು ನಡುವಿನ ಕಾಯುವಿಕೆ. ನನ್ನ ಪ್ರಕಾರ ಮೂರು ಗಂಟೆ ಬಿಡುವು ಹದ. ಒಂದೂವರೆ ಗಂಟೆಯದು ಅಗ್ಗಕ್ಕೆ ಸಿಕ್ಕರೂ ಬೇಡ. ಮೊದಲ ವಿಮಾನ ಸ್ವಲ್ಪ ತಡವಾದರೂ ಮುಂದಿನದು ತಪ್ಪುತ್ತದೆ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಆಗ ತಪ್ಪಿದರೂ ಮುಂದಿನ ವ್ಯವಸ್ಥೆ ವಿಮಾನ ಕಂಪನಿಯ ಹೊಣೆ.

ಅಪ್ಪ ಅಮ್ಮ ಇಬ್ಬರೇ ಬರುವುದಾದರೆ ಅಮೆರಿಕದಲ್ಲಿ ಮೊದಲು ಇಳಿಯುವ ಜಾಗ ಸ್ಯಾನ್ ಫ್ರಾನ್ಸಿಸ್ಕೋನೇ ಆಗಿರಲಿ. ನ್ಯೂಯಾರ್ಕ್‌ನಲ್ಲೋ ಶಿಕಾಗೋದಲ್ಲೋ ಇಳಿದರೆ ಇಮಿಗ್ರೇಷನ್ ಅಲ್ಲೇ. ಸೂಟ್‌ಕೇಸ್‌ಗಳನ್ನೂ ಅಲ್ಲೇ ಎತ್ತಿಕೊಂಡು ಮತ್ತೆ ಒಪ್ಪಿಸಬೇಕು. ನಿದ್ದೆಗೆಟ್ಟ ಹಿರಿಯರಿಗೆ ಅದು ಬಹಳ ಕಷ್ಟ. ಅಬುಧಾಬಿ ದಾರಿಯಲ್ಲಿ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ. ಆದರೆ ಅದಕ್ಕೂ ಸಾಲು ನಿಲ್ಲಬೇಕು, ಅಲ್ಲಿ ಬಿಡುವು ಸ್ವಲ್ಪ ಜಾಸ್ತಿಯೇ ಇರಲಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿ.