ಬಸ್ ವೈಪರ್ ಮೋಟಾರಿನ ಮೇಲೆ ನನ್ನ ರೇಸಿಂಗ್ ಸೀಟು

ಪರದೆ ಮೇಲಿನ ರೇಸಿಂಗ್ ಆಟದಲ್ಲಿ ಕಾರು ವಾಲಿದ ಹಾಗೆ ವಾಲೋ ಸೀಟನ್ನು ಬಸ್ ವೈಪರ್ ಮೋಟಾರಲ್ಲಿ ಮಾಡ್ತೀನಿ ಅಂದಾಗ, "ವೈಪರ್ ಮೋಟಾರಾ? ಗಾಜು ಒರೆಸ್ತೀಯೋ, ರೇಸ್ ಓಡಿಸ್ತೀಯೋ?" ಅಂತ ನಕ್ಕವರೇ ಹೋದ ಭಾನುವಾರ ತುಮಕೂರಿನ ನಮ್ಮ ಮನೆ ಮಹಡಿ ಹತ್ತಿ ಬಂದು ಅರ್ಧ ಗಂಟೆ ಸೀಟು ಬಿಟ್ಟು ಏಳಲಿಲ್ಲ. ಅದಕ್ಕೇ ಬರೀತಿದ್ದೀನಿ.

ಮೊದಲು ಕಳಕೊಂಡ ದುಡ್ಡು. ಶುರುವಿಗೆ ತಂದಿದ್ದು ಎರಡು 12 ವೋಲ್ಟ್ ಲೀನಿಯರ್ ಆಕ್ಚುಯೇಟರ್, ಅಂದರೆ ರಾಡನ್ನು ನೇರಕ್ಕೆ ಚಾಚಿ ಎಳೆಯೋ ಮೋಟಾರು. 150 ಕೆಜಿ ಎತ್ತುತ್ತೆ ಅಂತಿದ್ದದ್ದನ್ನೇ ನೋಡಿ ಏಳು ಸಾವಿರ ಕೊಟ್ಟೆ. ಪಕ್ಕದಲ್ಲೇ ಸೆಕೆಂಡಿಗೆ 10 ಮಿಮೀ ಅಂತ ಬರೆದಿತ್ತು, ಕಣ್ಣಿಗೆ ಬೀಳಲಿಲ್ಲ. ಎತ್ತಿತು, ಇಲ್ಲ ಅನ್ನಲ್ಲ. ಆದರೆ ಪರದೆ ಮೇಲೆ ತಿರುವು ಮುಗಿದು ಕಾರು ನೆಟ್ಟಗಾದ ಮೇಲೆ ಸೀಟು ವಾಲೋದು, ಹಲ್ಲಿನ ಡಾಕ್ಟರ ಕುರ್ಚಿ ತರ. ಆಮೇಲೆ ಗಾಳಿ ಒತ್ತಡದಲ್ಲಿ ತಳ್ಳೋ ನ್ಯೂಮ್ಯಾಟಿಕ್ ಸಿಲಿಂಡರ್. ಗಾಳಿ ಅಮುಕಿಕೊಳ್ಳುತ್ತೆ, ಹೇಳಿದ ಜಾಗದಲ್ಲಿ ನಿಲ್ಲಲ್ಲ. ಕಂಪ್ರೆಸರ್ ಸದ್ದಿಗೆ ಕೆಳಗಿನ ಮನೆಯವರ ಜಗಳ ಬೇರೆ. ಸರ್ವೋಗೆ (ಹೇಳಿದ ಜಾಗದಲ್ಲೇ ಕರಾರುವಾಕ್ಕಾಗಿ ನಿಲ್ಲೋ ಮೋಟಾರು) ಒಂದು ಸುತ್ತಲ್ಲಿ 5 ಮಿಮೀ ಸರಿಸೋ ತಿರುಪಾದ 1605 ಬಾಲ್‌ಸ್ಕ್ರೂ ಹಾಕಿದರೆ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 250 ಮಿಮೀ, ಒಪ್ಪಿದೆ. ನಾಲ್ಕು ಕಾಲಿಗೆ ಒಂದೂವರೆ ಲಕ್ಷ ಅಂತ ಮನೇಲಿ ಬಾಯಿ ಬಿಡೋ ಧೈರ್ಯ ಬರಲಿಲ್ಲ.

ಅಂತರಸನಹಳ್ಳಿ ಕಡೆ ಗುಜರಿಯಲ್ಲಿ 24 ವೋಲ್ಟಿನ ಬಸ್ ವೈಪರ್ ಮೋಟಾರು ಸಿಕ್ಕವು, ಜೋಡಿಗೆ 1,800 ಇರಬೇಕು. ಶಾಫ್ಟಿಗೆ ಮೊದಲು 100 ಮಿಮೀ ತೋಳು ಹಾಕಿದ್ದೆ. ಬ್ರೇಕ್ ಒತ್ತಿದರೆ ಮೋಟಾರು ಮುಲುಗಿ ನಿಂತೇ ಹೋಗೋದು. ಲೇತ್ ಅಂಗಡಿಯಲ್ಲಿ 40ಕ್ಕೆ ಇಳಿಸಿದೆ, ಬಲ ಎರಡೂವರೆ ಪಟ್ಟಾಯ್ತು. ನಿಮಿಷಕ್ಕೆ 65 ಸುತ್ತು ಅಂದರೂ ತೋಳಿನ ತುದಿ ಸೆಕೆಂಡಿಗೆ 270 ಮಿಮೀ. ಭಾರ ಬಿದ್ದಾಗ ಕಮ್ಮಿಯಾಗುತ್ತೆ, ಗೊತ್ತು. ಆದರೂ ಸರ್ವೋದವರು ಒಮ್ಮೆ ಲೆಕ್ಕ ಹಾಕಿ ನೋಡಿ.

ಒಂದು ಪೆಟ್ಟು ಮಾತ್ರ ಮರೆಯಲ್ಲ. ಈ ಮೋಟಾರಿನ ಒಂದು ಬ್ರಷ್, ಅಂದರೆ ಒಳಗೆ ಕರೆಂಟು ಮುಟ್ಟಿಸೋ ಇಂಗಾಲದ ತುಂಡು, ಮೋಟಾರಿನ ಲೋಹದ ಮೈಗೇ ಅರ್ತ್ ಆಗಿತ್ತು. ಅದನ್ನು ಬಿಡಿಸದೆ, ಮೋಟಾರನ್ನು ಎರಡೂ ಕಡೆ ತಿರುಗಿಸೋ ಬೋರ್ಡಾದ ಎಚ್‌ಬ್ರಿಡ್ಜ್‌ಗೆ ಕೊಟ್ಟೆ. ರಿವರ್ಸ್ ಆದ ಕೂಡಲೇ ಚಟ್ ಅಂತ ನೀಲಿ ಬೆಳಕು, ಸುಟ್ಟ ವಾಸನೆ. 43 ಆಂಪ್ ಅಂತ ಅಚ್ಚಾಗಿದ್ದ ಬೋರ್ಡು, ಒಂದಲ್ಲ ಎರಡು. ಅದು ಸರಿಹೋದ ಮೇಲೆ ಮೋಟಾರಿಗೆ ಕರೆಂಟು ಕೊಡೋ ಎಸ್‌ಎಂಪಿಎಸ್ ಆಗಾಗ ಟ್ರಿಪ್. ಮೋಟಾರು ಗಕ್ಕನೆ ನಿಂತಾಗ ಕರೆಂಟು ವಾಪಸ್ ನುಗ್ಗುತ್ತಲ್ಲ, ಅದಕ್ಕೆ. ಹಳೇ ಬ್ಯಾಟರಿ ಎರಡನ್ನು ಸೀರೀಸ್ ಮಾಡಿದೆ, ವಾಪಸ್ ಬಂದದ್ದನ್ನು ಅವೇ ನುಂಗುತ್ತವೆ, ಆ ರಗಳೆ ಮುಗೀತು.

ನನ್ನ 78 ಕೆಜಿ ಹೊರೋದು ಮೋಟಾರಲ್ಲ, ಸೀಟಿನಡಿ ಇರೋ ಲಾರಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಎಲ್ಲಾ ಕಡೆಗೂ ವಾಲೋ ಕೀಲು. ಅದನ್ನು ನಾಲ್ಕು ಇಂಚು ಮುಂದಕ್ಕೆ ತಂದು ಹೊಕ್ಕುಳ ನೇರಕ್ಕೆ ಇಟ್ಟೆ. ಮೋಟಾರಿನ ತೋಳಿಗೂ ಸೀಟಿಗೂ ಇರೋ ರಾಡ್ ಬಿಚ್ಚಿ, ಕೂತವರನ್ನು ಎರಡು ಬೆರಳಲ್ಲಿ ತಳ್ಳಿದರೆ ವಾಲಬೇಕು. ವಾಲದಿದ್ದರೆ ಯಾವ ಮೋಟಾರು ತಂದರೂ ದಂಡ. ಮೋಟಾರಿನೊಳಗಿನ ವರ್ಮ್ ಗೇರಿನ ಪ್ಲೇ (ಹಲ್ಲುಗಳ ನಡುವಿನ ಸಡಿಲ) ಹೇಗೆ ತೆಗೆದೆ ಅಂತ ಎಲ್ಲರೂ ಕೇಳ್ತಾರೆ. ಅದೊಂದು ನನ್ನ ಹತ್ತಿರವೇ ಇರಲಿ. ಸೈಕಲ್ ಅಂಗಡಿಯಲ್ಲಿ ಸಿಗೋ ಸಾಮಾನು ಅಂತಷ್ಟೇ ಹೇಳಬಲ್ಲೆ.

ನಡುವೆ ಹಳೇ ಸಬ್‌ವೂಫರಿನ ಕೋನ್ ಕಿತ್ತು ಸೀಟಿನ ಬೆನ್ನಿಗೆ ಬಿಗಿದೆ, ಎಂಜಿನ್ ನಡುಕಕ್ಕೆ. ನನಗೆ ಹಿಡಿಸ್ತು. ಅಮ್ಮನನ್ನು ಕೂರಿಸಿದರೆ, "ಗುಬ್ಬಿ ಬಸ್ಸಿನ ಹಿಂದಿನ ಸೀಟೇ ಇದು, ಇದಕ್ಕೆ ಇಷ್ಟು ದುಡ್ಡಾ?" ಅಂದರು.

ಹಾಳಾದದ್ದು ಬಿಟ್ಟರೆ ಖರ್ಚು ಹದಿನಾಲ್ಕು ಸಾವಿರ ಚಿಲ್ಲರೆ. ಹಾಳಾದದ್ದೂ ಅಷ್ಟೇ ಇದೆ. ಹಿಂದಿನ ಚಕ್ರ ಜಾರೋ ಅನುಭವಕ್ಕೆ ಮೂರನೇ ಮೋಟಾರು ತಂದಿಟ್ಟಿದ್ದೀನಿ. ಬಿಚ್ಚಿದರೆ ಗೇರಿನ ಮೂರು ಹಲ್ಲು ಇಲ್ಲ, ನಾಳೆ ಮತ್ತೆ ಗುಜರಿಗೆ ಹೋಗಬೇಕು.