ಬಾತ್‌ರೂಮ್ ಪ್ಲಾನ್: ಮೊದಲು ಕಮೋಡ್, ಆಮೇಲೆ ಉಳಿದದ್ದು
ಟೈಲ್ಸ್ ಬಣ್ಣ ಆಮೇಲೆ ನೋಡಿ. ಮೊದಲು ಕಮೋಡ್ ಜಾಗ ಗೊತ್ತು ಮಾಡಿ. ಅದರ ಪೈಪು 4 ಇಂಚಿನದು, ಸುಮ್ನೆ ಅತ್ತಿತ್ತ ತಿರುಗಿಸಲು ಆಗುವುದಿಲ್ಲ. ಕಮೋಡಿನ ನಡುವಿನಿಂದ ಪಕ್ಕದ ಗೋಡೆಗೆ 15 ಇಂಚಾದರೂ ಬಿಡಿ, 18 ಇದ್ದರೆ ಆರಾಮ. ಮುಂದೆ 2 ಅಡಿ ಖಾಲಿ ಇರಲಿ. ಬಾಗಿಲಿನಿಂದ ದೂರದ ಮೂಲೆಗೆ ಶವರ್, ಬಾಗಿಲ ಹತ್ತಿರ ಬೇಸಿನ್. ಕೈ ತೊಳೆಯಲು ಒದ್ದೆ ನೆಲ ತುಳಿಯುವುದು ಯಾಕೆ, ಅಲ್ವಾ?

ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಲ್ಲವನ್ನೂ ಗೀಚಿ, ಕಮೋಡ್ ಜಾಗದಲ್ಲಿ ಕುರ್ಚಿ ಇಟ್ಟು ಅಮ್ಮನನ್ನು ಕೂರಿಸಿದೆ. ಬಾಗಿಲು ಒಳಗೆ ತೆರೆದರೆ ಬೇಸಿನ್‌ಗೆ ಬಡಿಯುತ್ತದೆ ಎಂದು ಮೊದಲು ಹೇಳಿದ್ದು ಅವರೇ. ಏಳುವಾಗ ಅವರ ಕೈ ಗೋಡೆಯ ಮೇಲೆ ಎಲ್ಲಿ ಹೋಯಿತೋ ಅಲ್ಲೇ ಗುರುತು ಹಾಕಿದೆ. ಹಿಡಿಕೆ ಬಂದಿದ್ದು ಅಲ್ಲಿಗೇ.

ನೆಲದ ಇಳಿಜಾರು ಶವರ್ ಕಡೆಗೆ, ಒಂದು ಅಡಿ ಉದ್ದಕ್ಕೆ ಕಾಲು ಇಂಚು.