ಜೀವಂತ ಕೋಶಗಳ ಚಿತ್ರಣಕ್ಕೆ ಕಾರ್ಬನ್ ಡಾಟ್‌ಗಳನ್ನು ಸಿದ್ಧಪಡಿಸುವ ಕ್ರಮ

ಇಂಗಾಲದ ನ್ಯಾನೊಕೊಳವೆಗಳನ್ನು ಶುದ್ಧೀಕರಿಸುವಾಗ 2004ರಲ್ಲಿ ಆಕಸ್ಮಿಕವಾಗಿ ಕಂಡುಬಂದ ಕಾರ್ಬನ್ ಡಾಟ್‌ಗಳು ಅತಿನೇರಳೆ ಅಥವಾ ನೀಲಿ ಬೆಳಕು ಬಿದ್ದಾಗ ಹೊಳೆಯುವ ಇಂಗಾಲದ ಕಣಗಳು; ಗಾತ್ರದಲ್ಲಿ ಸಾಮಾನ್ಯವಾಗಿ 10 ನ್ಯಾನೊಮೀಟರ್‌ಗಿಂತ ಚಿಕ್ಕವು. ಕ್ಯಾಡ್ಮಿಯಂನಂಥ ವಿಷಕಾರಿ ಲೋಹ ಇವುಗಳಲ್ಲಿ ಇಲ್ಲದಿರುವುದು ಜೀವಕೋಶ ಅಧ್ಯಯನಕ್ಕೆ ದೊಡ್ಡ ಅನುಕೂಲ.

1.05 ಗ್ರಾಂ ಸಿಟ್ರಿಕ್ ಆಮ್ಲ ಮತ್ತು 335 ಮೈಕ್ರೊಲೀಟರ್ ಎಥಿಲೀನ್‌ಡೈಅಮೀನನ್ನು 10 ಮಿಲಿಲೀಟರ್ ಶುದ್ಧ ನೀರಿನಲ್ಲಿ ಬೆರೆಸಿ, ಟೆಫ್ಲಾನ್ ಒಳಪದರದ ಆಟೋಕ್ಲೇವಿನಲ್ಲಿ (ಒತ್ತಡ ತಡೆಯುವ ಬಿಗಿಮುಚ್ಚಳದ ಪಾತ್ರೆ) 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ಗಂಟೆ ಕಾಯಿಸಬೇಕು. ಎಥಿಲೀನ್‌ಡೈಅಮೀನಿನ ಆವಿ ಕಣ್ಣಿಗೂ ಶ್ವಾಸಕೋಶಕ್ಕೂ ಹಾನಿಕರವಾದ್ದರಿಂದ ಬೆರೆಸುವ ಕೆಲಸ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೇ ನಡೆಯಲಿ. ಪಾತ್ರೆಯನ್ನು ಪೂರ್ತಿ ತಣ್ಣಗಾಗುವ ಮೊದಲು ತೆರೆಯಬಾರದು.

ನಿಜವಾದ ತಾಳ್ಮೆ ಬೇಕಾಗುವುದು ಶುದ್ಧೀಕರಣದಲ್ಲಿ. ಇದೇ ರಾಸಾಯನಿಕ ಕ್ರಿಯೆಯಲ್ಲಿ ನೀಲಿಯಾಗಿ ಹೊಳೆಯುವ ಸಣ್ಣ ಅಣುಗಳೂ ಹುಟ್ಟುವುದರಿಂದ, ದ್ರಾವಣವನ್ನು ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ ತುಂಬಿ ನೀರಿನಲ್ಲಿಟ್ಟು, ಹೊರಗಿನ ನೀರು ಅತಿನೇರಳೆ ದೀಪದಡಿ ಹೊಳೆಯದಂತಾಗುವವರೆಗೆ ಅದನ್ನು ಮತ್ತೆ ಮತ್ತೆ ಬದಲಿಸದಿದ್ದರೆ, ಮುಂದೆ ಕೋಶದಲ್ಲಿ ಕಾಣುವ ಬೆಳಕು ಕಣಗಳದೋ ಆ ಅಣುಗಳದೋ ಎಂದು ಹೇಳಲಾಗದು. ಈ ಹಂತವನ್ನು ಅವಸರದಲ್ಲಿ ಮುಗಿಸಿದ ಚಿತ್ರಗಳನ್ನು, ಅವು ಎಷ್ಟೇ ಸೊಗಸಾಗಿದ್ದರೂ, ನಾನು ನಂಬಲಾರೆ. ಆಮೇಲೆ 0.22 ಮೈಕ್ರೊಮೀಟರ್ ಫಿಲ್ಟರ್‌ನಲ್ಲಿ ಸೋಸಿಕೊಳ್ಳಬೇಕು.

ಎಷ್ಟು ಕೋಶಗಳು ಜೀವಂತವಾಗಿವೆ ಎಂದು ಬಣ್ಣದ ಬದಲಾವಣೆಯಿಂದ ಅಳೆಯುವ ಎಂಟಿಟಿ ಪರೀಕ್ಷೆಯಿಂದ ಸುರಕ್ಷಿತ ಪ್ರಮಾಣವನ್ನು ತಿಳಿದ ನಂತರವೇ, ಗಾಜಿನ ತಳದ ತಟ್ಟೆಯಲ್ಲಿ ಬೆಳೆದ ಹೀಲಾ ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಕಣಗಳನ್ನು ಸೇರಿಸಿ, 37 ಡಿಗ್ರಿಯಲ್ಲಿ ಕೆಲವು ಗಂಟೆ ಇರಿಸಿ, ಫಾಸ್ಫೇಟ್ ಬಫರ್‌ನಿಂದ ತೊಳೆದು, ಕೋಶದ ಒಂದೊಂದೇ ಪದರವನ್ನು ಸ್ಪಷ್ಟವಾಗಿ ತೋರಿಸುವ ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ 405 ನ್ಯಾನೊಮೀಟರ್ ಲೇಸರ್ ಬಳಸಿ ನೋಡಬೇಕು. ಕೋಶದ ಎನ್‌ಎಡಿಎಚ್ ಮುಂತಾದ ಅಣುಗಳಿಗೂ ಸ್ವಂತ ಹೊಳಪಿರುವುದರಿಂದ, ಕಣ ಸೇರಿಸದ ಕೋಶಗಳನ್ನು ಅದೇ ಲೇಸರ್ ಶಕ್ತಿಯಲ್ಲಿ, ಅದೇ ಡಿಟೆಕ್ಟರ್ ಹೊಂದಾಣಿಕೆಯಲ್ಲಿ ಚಿತ್ರಿಸಿ ಹೋಲಿಸುವುದು ಕಡ್ಡಾಯ.